ಮೇನ್ ಲೈನ್ ಬಿಟ್ಟುಹೋದ ಊರು: ಆನಿಕ್ ರೈಲು ನಿಲ್ದಾಣದ ಕಥೆ

ಇಂಗ್ಲೆಂಡಿನ ಉತ್ತರ ತುದಿಯಲ್ಲಿ, ಸ್ಕಾಟ್ಲೆಂಡ್ ಗಡಿಗೆ ಹತ್ತಿರ, ನಾರ್ಥಂಬರ್ಲೆಂಡ್ ಎಂಬ ಕೌಂಟಿ ಇದೆ. ಅಲ್ಲಿನ ಒಂದು ಸಣ್ಣ ಊರು ಆನಿಕ್. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಊರಿಗೊಂದು ದೊಡ್ಡ ಕೋಟೆ, ಕೋಟೆಗೊಬ್ಬ ಡ್ಯೂಕ್, ಜೊತೆಗೆ ಸುಮಾರು 32,000 ಚದರ ಅಡಿಯ ಕಲ್ಲಿನ ರೈಲು ನಿಲ್ದಾಣ. ಅಲ್ಲಿಗೆ ಕೊನೆಯ ಪ್ಯಾಸೆಂಜರ್ ಗಾಡಿ ಬಂದದ್ದು 1968ರ ಜನವರಿಯಲ್ಲಿ. ಈಗ ಅದರೊಳಗೆ ಬ್ರಿಟನ್ನಿನ ಅತಿ ದೊಡ್ಡ ಹಳೆ ಪುಸ್ತಕದಂಗಡಿಗಳಲ್ಲೊಂದು ನಡೆಯುತ್ತಿದೆ.

ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಸ್ಟೇಷನ್ ಯಾಕೆ ಕಟ್ಟಿದರು? ಕಟ್ಟಿದ ಮೇಲೆ ಎಂಬತ್ತು ವರ್ಷಕ್ಕೇ ಯಾಕೆ ಮುಚ್ಚಿದರು? ಸಾಮಾನ್ಯವಾಗಿ ಸಿಗುವ ಉತ್ತರ ಸುಲಭ. ಡ್ಯೂಕ್ ಇದ್ದ, ಅದಕ್ಕೇ ಕಟ್ಟಿದರು. ಬೀಚಿಂಗ್ ಎಂಬ ಅಧಿಕಾರಿ ಬಂದ, ಅದಕ್ಕೇ ಮುಚ್ಚಿದರು. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಇನ್ನೂ ಕೆಳಗೆ ಅಗೆದರೆ ಎರಡಕ್ಕೂ ಒಂದೇ ಬೇರು ಸಿಗುತ್ತದೆ ಅನ್ನೋದು ನನ್ನ ಅನಿಸಿಕೆ. ಲಂಡನ್‌ನಿಂದ ಎಡಿನ್‌ಬರೋಗೆ ಹೋಗುವ ಮೇನ್ ಲೈನ್ ಈ ಊರನ್ನು ಸುಮಾರು ಐದು ಕಿಲೋಮೀಟರ್ ಪಕ್ಕಕ್ಕೆ ಬಿಟ್ಟು ಹೋಯಿತು. ಮುಂದಿನದೆಲ್ಲ ಅದರ ಬಾಲ.

ಲೈನ್ ಯಾವ ಕಡೆ ಹೋಗಬೇಕು?

1840ರ ದಶಕದಲ್ಲಿ ಬ್ರಿಟನ್ನಿಗೆ ರೈಲಿನ ಹುಚ್ಚು ಹಿಡಿದಿತ್ತು. ಪೂರ್ವ ಕರಾವಳಿಯ ಗುಂಟ ಹಳಿಗಳು ತುಂಡುತುಂಡಾಗಿ ಬರುತ್ತಿದ್ದವು. ನ್ಯೂಕಾಸಲ್ ಮತ್ತು ಬೆರಿಕ್ ಊರುಗಳ ನಡುವಿನ ತುಂಡು ಮಾತ್ರ ಬಾಕಿ. ಅದನ್ನು ಯಾರು ಕಟ್ಟಬೇಕು ಅನ್ನೋದಕ್ಕೆ ದೊಡ್ಡ ಜಗಳವೇ ನಡೆಯಿತು.

ಒಂದು ಕಡೆ ಜಾರ್ಜ್ ಹಡ್ಸನ್. ಜನ ಆತನನ್ನು 'ರೈಲ್ವೆ ರಾಜ' ಎಂದೇ ಕರೆಯುತ್ತಿದ್ದರು. ಆತನ ಕೈಯಲ್ಲಿದ್ದದ್ದು ಎಂಜಿನಿಯರ್ ಜಾರ್ಜ್ ಸ್ಟೀಫನ್ಸನ್ ಗುರುತಿಸಿಕೊಟ್ಟ ಕರಾವಳಿ ಮಾರ್ಗ. ಇನ್ನೊಂದು ಕಡೆ ಲಾರ್ಡ್ ಹೋವಿಕ್. ಈತನ ತಂದೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅರ್ಲ್ ಗ್ರೇ. ಹೌದು, ಚಹಾಕ್ಕೆ ಹೆಸರು ಕೊಟ್ಟ ಅದೇ ಅರ್ಲ್ ಗ್ರೇ. ಹಡ್ಸನ್‌ನ ಲೈನ್ ಇವರ ಎಸ್ಟೇಟಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮನೆಯ ಹತ್ತಿರ ಹೊಗೆ, ಸದ್ದು ಯಾರಿಗೆ ಬೇಕು? ಹಾಗಾಗಿ ಹೋವಿಕ್ ಬೇರೊಂದು ಮಾರ್ಗದ ಯೋಜನೆಗೆ ಬೆಂಬಲ ಕೊಟ್ಟ. ಅದರ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್.

ಬ್ರೂನೆಲ್ ಹಾಕಿದ್ದು ವಿಚಿತ್ರ ಯೋಜನೆ. ಗಾಡಿಗೆ ಎಂಜಿನ್ನೇ ಇಲ್ಲ. ಹಳಿಗಳ ನಡುವೆ ಉದ್ದಕ್ಕೂ ಒಂದು ಕೊಳವೆ. ದಾರಿಯುದ್ದಕ್ಕೂ ಅಲ್ಲಲ್ಲಿ ಪಂಪ್ ಮನೆ. ಪಂಪುಗಳು ಕೊಳವೆಯೊಳಗಿನ ಗಾಳಿಯನ್ನು ಹೀರಿ ಹೊರಹಾಕುತ್ತವೆ. ಗಾಡಿಯ ತಳಕ್ಕೆ ಜೋಡಿಸಿದ ಪಿಸ್ಟನ್ ಆ ಕೊಳವೆಯೊಳಗೆ ಇರುತ್ತದೆ. ಹಿಂದಿನಿಂದ ವಾತಾವರಣದ ಒತ್ತಡ ತಳ್ಳುತ್ತದೆ, ಗಾಡಿ ಮುಂದೆ ಓಡುತ್ತದೆ. ಕಾಗದದ ಮೇಲೆ ಬಹಳ ಚೆಂದ. ಬ್ರೂನೆಲ್ ಮುಂದೆ ಇದನ್ನೇ ಡೆವನ್‌ನಲ್ಲಿ ಮಾಡಿ ನೋಡಿದ. 1847ರಲ್ಲಿ ಶುರುವಾಗಿ ಒಂದು ವರ್ಷದಲ್ಲೇ ನಿಂತುಹೋಯಿತು. 1845ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಹಡ್ಸನ್ ಪರ ಒಪ್ಪಿಗೆ ಕೊಟ್ಟದ್ದು ಒಳ್ಳೆಯದೇ ಆಯಿತು ಎನ್ನಬೇಕು.

ಸ್ಟೀಫನ್ಸನ್ ಕರಾವಳಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅಂದಿನ ಉಗಿ ಎಂಜಿನ್‌ಗಳಿಗೆ ಏರು ಅಂದರೆ ಆಗುತ್ತಿರಲಿಲ್ಲ. ಸಮುದ್ರದ ಪಕ್ಕ ನೆಲ ಹೆಚ್ಚುಕಮ್ಮಿ ಸಮತಟ್ಟು. ಆನಿಕ್ ಇದ್ದದ್ದು ಒಳನಾಡಿನ ಗುಡ್ಡದ ಕಡೆ. ಲೈನ್ ಅಲ್ಲಿಗೆ ತಿರುಗಿ ಬರಲಿಲ್ಲ. 1847ರಲ್ಲಿ ಮೇನ್ ಲೈನ್ ತೆರೆದಾಗ ಆ ಭಾಗದ ಮುಖ್ಯ ಪೇಟೆಯಾಗಿದ್ದ ಆನಿಕ್‌ಗೇ ರೈಲಿಲ್ಲ!

ಮೂರು ವರ್ಷದ ನಂತರ, 1850ರಲ್ಲಿ, ಅದನ್ನು ಸರಿಪಡಿಸಲು ಮೂರು ಮೈಲಿಯ ಒಂದು ಬ್ರಾಂಚ್ ಲೈನ್ ಹಾಕಿದರು. ಮೇನ್ ಲೈನ್ ಸೇರುವಲ್ಲಿ ಬಿಲ್ಟನ್ ಜಂಕ್ಷನ್. ಅದೇ ಈಗಿನ ಆಲನ್‌ಮೌತ್ ಸ್ಟೇಷನ್. ಅದೇ ವರ್ಷ ರಾಣಿ ವಿಕ್ಟೋರಿಯಾ ಬೆರಿಕ್‌ನಲ್ಲಿ ಟ್ವೀಡ್ ನದಿಯ ದೊಡ್ಡ ಸೇತುವೆಯನ್ನು ಉದ್ಘಾಟಿಸಿದಳು. ಅಂದರೆ ಲಂಡನ್–ಎಡಿನ್‌ಬರೋ ದಾರಿ ಪೂರ್ತಿ ಕೂಡಿಕೊಂಡ ವರ್ಷವೇ ಆನಿಕ್‌ಗೂ ರೈಲು ಬಂತು. ಆದರೆ ಹಿತ್ತಲ ಬಾಗಿಲಿನಿಂದ. ಎಲ್ಲಿಗಾದರೂ ದೂರ ಹೋಗಬೇಕು ಅಂದರೆ ಕೆಲವೇ ನಿಮಿಷ ಸಣ್ಣ ಗಾಡಿಯಲ್ಲಿ ಕೂರಬೇಕು, ಇಳಿಯಬೇಕು, ಸಾಮಾನು ಎತ್ತಿಕೊಂಡು ಇನ್ನೊಂದು ಗಾಡಿಗೆ ಕಾಯಬೇಕು.

1887: ಅಳತೆ ಮೀರಿದ ಸ್ಟೇಷನ್

1850ರ ಸ್ಟೇಷನ್ ಸಣ್ಣದು. ಈಗ ನಿಂತಿರುವ ಕಟ್ಟಡ ಬಂದದ್ದು 1887ರ ಸೆಪ್ಟೆಂಬರ್ 5ರಂದು. ಅಷ್ಟರಲ್ಲಿ ಇಲ್ಲಿನ ರೈಲುಗಳೆಲ್ಲ ನಾರ್ತ್ ಈಸ್ಟರ್ನ್ ರೈಲ್ವೆ ಕಂಪನಿಯ ಕೈಯಲ್ಲಿದ್ದವು. ನಕ್ಷೆ ಹಾಕಿದ್ದು ಕಂಪನಿಯ ವಾಸ್ತುಶಿಲ್ಪಿ ವಿಲಿಯಂ ಬೆಲ್. ಮುಂದೆ ಕಲ್ಲಿನ ಕಟ್ಟಡ, ಹಿಂದೆ ಪ್ಲಾಟ್‌ಫಾರಂಗಳ ಮೇಲೆ ಅಕ್ಕಪಕ್ಕ ಎರಡು ಗಾಜಿನ ಚಾವಣಿ, ನಡುವೆ ಕಬ್ಬಿಣದ ಕಂಬಗಳ ಸಾಲು. ನಗರದ ಸ್ಟೇಷನ್ನಿಗೆ ಹೊಂದುವಂಥದ್ದು.

ಡ್ಯೂಕ್ ಆಫ್ ನಾರ್ಥಂಬರ್ಲೆಂಡ್ ಮನೆಗೆ ಬರುವ ರಾಜಮನೆತನದ ಅತಿಥಿಗಳಿಗಾಗಿಯೇ ಇಷ್ಟು ದೊಡ್ಡದಾಗಿ ಕಟ್ಟಿದರು ಅಂತ ಹೇಳುವುದುಂಟು. ಡ್ಯೂಕ್‌ನ ಪರ್ಸಿ ಮನೆತನದ ಕೋಟೆ ಊರಿನ ಮೇಲೇ ಕೂತಿರುವಾಗ ಅದನ್ನು ತಳ್ಳಿಹಾಕುವ ಹಾಗೂ ಇಲ್ಲ. ಆದರೆ ಅದೇ ದಿನ ಇನ್ನೊಂದು ವಿಷಯ ನಡೆಯಿತು. ಆನಿಕ್‌ನಿಂದ ವಾಯವ್ಯಕ್ಕೆ, ಗುಡ್ಡಗಳ ನಡುವೆ ಕಾರ್ನ್‌ಹಿಲ್ ಎಂಬ ಊರಿನ ತನಕ ಸುಮಾರು 35 ಮೈಲಿಯ ಹೊಸ ಲೈನಿನಲ್ಲಿ ಪ್ಯಾಸೆಂಜರ್ ಗಾಡಿ ಶುರುವಾಯಿತು. ಒಂದೇ ಏಟಿಗೆ ಆನಿಕ್ ಬರೀ ಕೊನೆಯ ಸ್ಟೇಷನ್ ಆಗಿ ಉಳಿಯಲಿಲ್ಲ. ಎರಡು ಲೈನ್ ಕೂಡುವ ಜಾಗವಾಯಿತು. ದೊಡ್ಡ ಸ್ಟೇಷನ್ನಿಗೆ ಇದು ಅತಿಥಿಗಳಿಗಿಂತ ಗಟ್ಟಿ ಕಾರಣ.

ಹಾಗಾದರೆ ಆ 35 ಮೈಲಿ ಯಾಕೆ? ಅಲ್ಲಿದ್ದದ್ದು ಕುರಿ, ಹುಲ್ಲುಗಾವಲು, ಚದುರಿದ ಹಳ್ಳಿಗಳು, ವೂಲರ್ ಎಂಬ ಒಂದು ಸಣ್ಣ ಪೇಟೆ. ಅಸಲಿ ಕಾರಣ ಪೈಪೋಟಿ. ಬೇರೆಯವರು ಆ ಒಳನಾಡಿನಲ್ಲಿ ತಮ್ಮ ಲೈನ್ ಹಾಕಲು ಹೊರಟಿದ್ದರು. ಅವರನ್ನು ತಡೆಯಲು ನಾರ್ತ್ ಈಸ್ಟರ್ನ್ ತಾನೇ ಮುಂದಾಗಿ 1882ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ತಂದಿತು. ಅಂದರೆ ಪ್ರಯಾಣಿಕರಿಗಿಂತ ಹೆಚ್ಚಾಗಿ ಎದುರಾಳಿಯ ಲೆಕ್ಕ ಹಾಕಿ ಕಟ್ಟಿದ ಲೈನ್ ಇದು. ಹಾಗಂತ ಜಿಪುಣತನ ಮಾಡಲಿಲ್ಲ. ದಾರಿಯ ಹಳ್ಳಿ ಸ್ಟೇಷನ್ನುಗಳನ್ನೂ ಗಟ್ಟಿ ಕಲ್ಲಿನಲ್ಲೇ ಕಟ್ಟಿಸಿದರು. ಎಡ್ಲಿಂಗ್‌ಹ್ಯಾಮ್ ಕೋಟೆಯ ಅವಶೇಷಗಳ ಪಕ್ಕದಲ್ಲಿ ಇವತ್ತಿಗೂ ಐದು ಕಮಾನಿನ ರೈಲು ಸೇತುವೆ ನಿಂತಿದೆ. ಮೇಲೆ ಹಳಿ ಇಲ್ಲ, ಅಷ್ಟೆ.

ಮೊದಲು ಬಸ್ಸು, ಆಮೇಲೆ ಮಳೆ

ಮೊದಲ ಮಹಾಯುದ್ಧ ಮುಗಿದ ಮೇಲೆ ಬಸ್ಸುಗಳು ಬಂದವು. ಬಸ್ಸು ಊರೊಳಗೇ ಬಂದು ನಿಲ್ಲುತ್ತದೆ, ಬ್ರಾಂಚ್ ಲೈನಿನ ಗಾಡಿ ದಿನಕ್ಕೆ ಕೆಲವೇ ಸಲ ಬರುತ್ತದೆ. ಜನ ಯಾವುದನ್ನು ಹತ್ತುತ್ತಾರೆ? 1930ರ ಸೆಪ್ಟೆಂಬರ್ 22ಕ್ಕೆ ಕಾರ್ನ್‌ಹಿಲ್ ಲೈನಿನಲ್ಲಿ ಪ್ಯಾಸೆಂಜರ್ ಗಾಡಿ ನಿಂತಿತು. ಪ್ಯಾಸೆಂಜರ್ ಗಾಡಿ ಓಡಿದ್ದು ಬರೀ 43 ವರ್ಷ. ಗೂಡ್ಸ್ ಮಾತ್ರ ಮುಂದುವರಿಯಿತು.

1948ರ ಆಗಸ್ಟ್‌ನಲ್ಲಿ ಆ ಗಡಿ ಪ್ರದೇಶದಲ್ಲಿ ಭಾರೀ ಮಳೆ ಸುರಿಯಿತು. ಇಲ್ಡರ್ಟನ್ ಮತ್ತು ವೂಲರ್ ನಡುವೆ ಲೈನ್ ಕೊಚ್ಚಿಹೋಯಿತು. ಆ ವರ್ಷದ ಜನವರಿಯಲ್ಲಷ್ಟೇ ಬ್ರಿಟನ್ನಿನ ರೈಲುಗಳು ಸರಕಾರದ ಪಾಲಾಗಿದ್ದವು. ಹೊಸ ಯಜಮಾನರು ಆ ಜಾಗವನ್ನು ರಿಪೇರಿ ಮಾಡಲು ಹೋಗಲೇ ಇಲ್ಲ. ಲೈನ್ ಎರಡು ತುಂಡಾಗಿ ಉಳಿಯಿತು. ಆನಿಕ್ ಕಡೆಯ ತುಂಡನ್ನು 1953ರ ಮಾರ್ಚ್ 2ರಂದು ಮುಚ್ಚಿದರು, ವೂಲರ್ ಕಡೆಯದನ್ನು 1965ರ ಮಾರ್ಚ್ 29ರಂದು.

ಅಲ್ಲಿಗೆ ಆನಿಕ್ ಮತ್ತೆ 1850ರ ಸ್ಥಿತಿಗೇ ಬಂತು. ಮೂರು ಮೈಲಿಯ ಲೈನು, ಅದರ ತುದಿ. ಕಟ್ಟಡ ಮಾತ್ರ ಎರಡು ಲೈನ್ ಕೂಡುವಾಗ ಕಟ್ಟಿದ್ದು. ಚಾವಣಿಯ ಗಾಜು ಒರೆಸಬೇಕು, ಸಿಗ್ನಲ್ ನೋಡಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು. ಖರ್ಚು ಹಳೆಯದು, ಆದಾಯ ಕಡಿಮೆ.

ಬೀಚಿಂಗ್ ಲೆಕ್ಕ ಹೇಗೆ ಕೆಲಸ ಮಾಡುತ್ತಿತ್ತು

ಈಗ ಕಥೆಯ ಕಷ್ಟದ ಭಾಗ. ಬ್ರಿಟನ್ನಿನಲ್ಲಿ ಇಂದಿಗೂ ಜನ ಬೀಚಿಂಗ್ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಾರೆ. ರಿಚರ್ಡ್ ಬೀಚಿಂಗ್ ಮೂಲತಃ ಭೌತಶಾಸ್ತ್ರಜ್ಞ. ಐಸಿಐ ಎಂಬ ದೊಡ್ಡ ರಾಸಾಯನಿಕ ಕಂಪನಿಯಿಂದ ರೈಲ್ವೆ ಮುಖ್ಯಸ್ಥನಾಗಿ ಬಂದ. ಆಗ ರೈಲ್ವೆ ವರ್ಷಕ್ಕೆ ಹತ್ತಿರ ಹತ್ತಿರ ಹತ್ತು ಕೋಟಿ ಪೌಂಡ್ ನಷ್ಟದಲ್ಲಿತ್ತು. 1963ರ ಮಾರ್ಚ್ 27ರಂದು ಆತನ ವರದಿ ಹೊರಬಂತು. 2,363 ಸ್ಟೇಷನ್ ಮತ್ತು ಸುಮಾರು 5,000 ಮೈಲಿ ಲೈನ್ ಮುಚ್ಚಬೇಕು ಎಂಬುದು ಅದರ ಸಾರ.

ಅಂಕಿಗಳು ಸುಳ್ಳಾಗಿರಲಿಲ್ಲ. ದೇಶದ ಮೂರನೇ ಒಂದು ಭಾಗದಷ್ಟು ಲೈನುಗಳಲ್ಲಿ ಓಡಾಡುತ್ತಿದ್ದದ್ದು ಒಟ್ಟು ಪ್ರಯಾಣದ ಶೇಕಡಾ 1 ಮಾತ್ರ. ಆದರೆ ಆ ಅಂಕಿ ಎಲ್ಲಿಂದ ಬಂತು? 1961ರ ಏಪ್ರಿಲ್‌ನ ಒಂದೇ ವಾರದ ಎಣಿಕೆಯಿಂದ. ಸಮುದ್ರ ತೀರದ ಊರುಗಳಿಗೆ ಜನ ನುಗ್ಗುವುದು ಜುಲೈ, ಆಗಸ್ಟ್‌ನಲ್ಲಿ. ಏಪ್ರಿಲ್‌ನಲ್ಲಿ ಎಣಿಸಿದರೆ ಖಾಲಿ ಗಾಡಿಯೇ ಕಾಣುವುದು, ಅಲ್ವಾ?

ಇನ್ನೊಂದು ತೊಡಕು ಬ್ರಾಂಚ್ ಲೈನಿನ ಹಣ ಯಾರ ಖಾತೆಗೆ ಎಂಬುದು. ಆನಿಕ್‌ನ ಒಬ್ಬರು ಲಂಡನ್‌ಗೆ ಟಿಕೆಟ್ ತೆಗೆದುಕೊಳ್ಳುತ್ತಾರೆ ಅಂದುಕೊಳ್ಳಿ. ದೂರ ಸುಮಾರು 300 ಮೈಲಿ. ಅದರಲ್ಲಿ ಬ್ರಾಂಚ್ ಲೈನಿನ ಪಾಲು 3 ಮೈಲಿ. ಮೈಲಿ ಲೆಕ್ಕದಲ್ಲಿ ಹಂಚಿದರೆ ನೂರು ರೂಪಾಯಿಯಲ್ಲಿ ಒಂದು ರೂಪಾಯಿ ಬ್ರಾಂಚಿಗೆ, ತೊಂಬತ್ತೊಂಬತ್ತು ಮೇನ್ ಲೈನಿಗೆ. ಆ ಪ್ರಯಾಣಿಕರನ್ನು ತಂದುಕೊಟ್ಟದ್ದು ಬ್ರಾಂಚ್. ಹಳ್ಳದ ನೀರನ್ನು ಹೊಳೆಯ ಲೆಕ್ಕಕ್ಕೆ ಬರೆದುಕೊಂಡು, ಹಳ್ಳದಲ್ಲಿ ನೀರೇ ಇಲ್ಲ ಅಂದ ಹಾಗಾಯಿತು ಇದು.

ಬೀಚಿಂಗ್ ತಂಡಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ಬ್ರಾಂಚ್ ತಂದುಕೊಡುವ ಆದಾಯವನ್ನೂ ಅವರು ಎಣಿಕೆಗೆ ತೆಗೆದುಕೊಂಡಿದ್ದರು. ಅವರ ನಂಬಿಕೆ ಇಷ್ಟು: ಬ್ರಾಂಚ್ ಮುಚ್ಚಿದರೆ ಜನ ಬಸ್ಸಿನಲ್ಲೋ ಕಾರಿನಲ್ಲೋ ಹತ್ತಿರದ ಮೇನ್ ಲೈನ್ ಸ್ಟೇಷನ್ನಿಗೆ ಬರುತ್ತಾರೆ. ಹಾಗಾಗಿ ಆದಾಯ ಹೆಚ್ಚೇನೂ ಹೋಗುವುದಿಲ್ಲ. ದೇಶದ ಎಷ್ಟೋ ಕಡೆ ಇದು ತಲೆಕೆಳಗಾಯಿತು. ಕಾರು ಹತ್ತಿದವರು ಸ್ಟೇಷನ್ ತನಕ ಮಾತ್ರ ಯಾಕೆ ಹೋಗುತ್ತಾರೆ, ಪೂರ್ತಿ ದಾರಿ ಕಾರಿನಲ್ಲೇ ಹೋದರು.

ಆನಿಕ್ ವಿಷಯದಲ್ಲಿ ಮಾತ್ರ ಆ ನಂಬಿಕೆ ಅಷ್ಟೊಂದು ಪೊಳ್ಳು ಅಂತ ನನಗೆ ಅನಿಸುವುದಿಲ್ಲ. ಮೇನ್ ಲೈನ್ ಐವತ್ತು ಕಿಲೋಮೀಟರ್ ದೂರ ಇದ್ದಿದ್ದರೆ ಊರಿನ ಜನ ರೈಲೇ ಇಲ್ಲದೆ ಒದ್ದಾಡುತ್ತಾರೆ ಅಂತ ವಾದ ಮಾಡಬಹುದಿತ್ತು. ಮೇನ್ ಲೈನ್ ಊರೊಳಗೇ ಹೋಗಿದ್ದರೆ ಮುಚ್ಚುವ ಮಾತೇ ಬರುತ್ತಿರಲಿಲ್ಲ. ಐದು ಕಿಲೋಮೀಟರ್ ಅನ್ನೋದು ಎರಡಕ್ಕೂ ಸಲ್ಲದ ದೂರ. ಹಳಿ ಹಾಕಿ ಸಾಕುವುದಕ್ಕೆ ದುಬಾರಿ, ಬಸ್ಸಿಗೆ ಬಿಟ್ಟುಬಿಡುವುದಕ್ಕೆ ಸಲೀಸು.

ಇನ್ನು ವಿರೋಧಿಸುವ ದಾರಿ ಹೇಗಿತ್ತು ನೋಡಿ. 1962ರ ಸಾರಿಗೆ ಕಾಯ್ದೆ ಪ್ರಕಾರ ಮುಚ್ಚುವ ಮುಂಚೆ ನೋಟಿಸ್ ಹಾಕಬೇಕು, ಆಕ್ಷೇಪಕ್ಕೆ ಕನಿಷ್ಠ ಆರು ವಾರ ಕೊಡಬೇಕು. ಆಕ್ಷೇಪ ಬಂದರೆ ಬಳಕೆದಾರರ ಸಮಿತಿಯೊಂದು ವಿಚಾರಣೆ ಮಾಡುತ್ತದೆ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಸಮಿತಿ ನೋಡಬಹುದಾದದ್ದು ಒಂದೇ ಒಂದು ವಿಷಯ: ಮುಚ್ಚಿದರೆ ಜನರಿಗೆ ಎಷ್ಟು ತೊಂದರೆ? ರೈಲ್ವೆ ತೋರಿಸಿದ ನಷ್ಟದ ಲೆಕ್ಕ ಸರಿಯಿದೆಯಾ, ಖರ್ಚು ಕಡಿಮೆ ಮಾಡಿ ನಡೆಸಬಹುದಾ ಅಂತ ಪ್ರಶ್ನಿಸುವ ಅಧಿಕಾರ ಅದಕ್ಕಿಲ್ಲ. ಬ್ರಾಂಚನ್ನು ಹೊಡೆಯಲು ಬಂದ ಆಯುಧವೇ ಹಣದ ಲೆಕ್ಕ, ಅದನ್ನು ಮಾತ್ರ ಮುಟ್ಟುವ ಹಾಗಿಲ್ಲ. ಕೊನೆಗೆ ತೀರ್ಮಾನ ಸಾರಿಗೆ ಮಂತ್ರಿಯದ್ದು.

ಮಂತ್ರಿಗಳ ಬಗ್ಗೆಯೂ ಒಂದು ಮಾತು. ವರದಿ ಬಂದಾಗ ಇದ್ದದ್ದು ಕನ್ಸರ್ವೇಟಿವ್ ಪಕ್ಷದ ಅರ್ನೆಸ್ಟ್ ಮಾರ್ಪಲ್ಸ್. ಈತ ರಸ್ತೆ ಕಟ್ಟುವ ಕಂಪನಿಯೊಂದನ್ನು ಸ್ಥಾಪಿಸಿದವರಲ್ಲಿ ಒಬ್ಬ. ಜನರಿಗೆ ಅನುಮಾನ ಬರದೇ ಇರುತ್ತದಾ? 1964ರ ಚುನಾವಣೆಯಲ್ಲಿ ಲೇಬರ್ ಪಕ್ಷ ದೊಡ್ಡ ಮಟ್ಟದ ಮುಚ್ಚುವಿಕೆಯನ್ನು ತಡೆಯುತ್ತೇವೆ ಎಂದು ಹೇಳಿ ಗೆದ್ದಿತು. ಗೆದ್ದ ಮೇಲೂ ಮುಚ್ಚುವ ಕೆಲಸ ನಿಲ್ಲಲಿಲ್ಲ. ಆನಿಕ್ ಸ್ಟೇಷನ್ ಮುಚ್ಚಿದಾಗ ಸಾರಿಗೆ ಮಂತ್ರಿ ಲೇಬರ್ ಪಕ್ಷದ ಬಾರ್ಬರಾ ಕಾಸಲ್.

ಅದೇ ಬಾರ್ಬರಾ ಕಾಸಲ್ ತಯಾರಿಸಿದ ಹೊಸ ಸಾರಿಗೆ ಕಾಯ್ದೆಗೆ 1968ರ ಅಕ್ಟೋಬರ್‌ನಲ್ಲಿ ಅಂಗೀಕಾರ ಸಿಕ್ಕಿತು. ನಷ್ಟದಲ್ಲಿದ್ದರೂ ಜನರಿಗೆ ಬೇಕಾದ ರೈಲುಗಳಿಗೆ ಸರಕಾರ ನೇರವಾಗಿ ಹಣ ಕೊಡಬಹುದು ಅಂತ ಅದರಲ್ಲಿತ್ತು. ಎಷ್ಟೋ ಬ್ರಾಂಚ್ ಲೈನುಗಳು ಅದರಿಂದ ಬದುಕಿಕೊಂಡವು. ಆನಿಕ್ ಗಾಡಿ ನಿಂತು ಆಗ ಒಂಬತ್ತು ತಿಂಗಳಾಗಿತ್ತು. ಇನ್ನೊಂದು ವರ್ಷ ಎಳೆದಿದ್ದರೆ ಉಳಿಯುತ್ತಿತ್ತಾ? ಹೇಳುವುದು ಕಷ್ಟ. ಮೂರು ಮೈಲಿಗೆ ಸಬ್ಸಿಡಿ ಬೇಡಲು ಹೋದರೂ ಪಕ್ಕದಲ್ಲೇ ಆಲನ್‌ಮೌತ್ ಇದೆಯಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು.

ಎಲ್ಲವೂ ಸೋಮವಾರವೇ ಯಾಕೆ?

ಅಧಿಕೃತವಾಗಿ ಪ್ಯಾಸೆಂಜರ್ ಸೇವೆ ಮುಗಿದದ್ದು 1968ರ ಜನವರಿ 29ರಂದು. ಕ್ಯಾಲೆಂಡರ್ ತೆಗೆದು ನೋಡಿದರೆ ಅದು ಸೋಮವಾರ. ಮೇಲೆ ಹೇಳಿದ 1930, 1953, 1965ರ ತಾರೀಕುಗಳೂ ಸೋಮವಾರವೇ. ಆನಿಕ್‌ನಲ್ಲಿ ಗೂಡ್ಸ್ ನಿಂತ 1968ರ ಅಕ್ಟೋಬರ್ 7 ಕೂಡ ಸೋಮವಾರವೇ. ಇದು ಕಾಕತಾಳೀಯ ಅಲ್ಲ. ಬ್ರಿಟನ್ನಿನಲ್ಲಿ 'ಮುಚ್ಚಿದ ದಿನ' ಅಂದರೆ ಗಾಡಿ ಇಲ್ಲದ ಮೊದಲ ದಿನ. ವೇಳಾಪಟ್ಟಿಯ ವಾರ ಭಾನುವಾರಕ್ಕೆ ಮುಗಿಯುತ್ತದೆ, ಹೊಸ ಪಟ್ಟಿಯಲ್ಲಿ ಆ ಸ್ಟೇಷನ್ ಇರುವುದಿಲ್ಲ. ಕೊನೆಯ ಗಾಡಿ ಓಡಿರುವುದು ಅದರ ಹಿಂದಿನ ಶನಿವಾರ ಅಥವಾ ಭಾನುವಾರ. ಹಳೆ ಸ್ಟೇಷನ್ನುಗಳ ಬಗ್ಗೆ ಓದುವವರು ಇದೊಂದನ್ನು ನೆನಪಿಟ್ಟುಕೊಂಡರೆ ತಾರೀಕುಗಳ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಉಳಿದ ಕಡೆ ಡೀಸೆಲ್ ಬಂದು ಎಷ್ಟೋ ಕಾಲವಾಗಿದ್ದರೂ ಈ ಬ್ರಾಂಚಿನಲ್ಲಿ 1966ರ ಜೂನ್ ತನಕ ಉಗಿ ಎಂಜಿನ್ ಓಡುತ್ತಿತ್ತು. ಡೀಸೆಲ್ ಗಾಡಿಗೆ ಸಿಕ್ಕಿದ್ದು ಒಂದೂವರೆ ವರ್ಷ ಮಾತ್ರ.

ದೊಡ್ಡದಾಗಿದ್ದದ್ದೇ ಒಳ್ಳೆಯದಾಯಿತು

ಬ್ರಿಟನ್ನಿನಲ್ಲಿ ಆ ಕಾಲದಲ್ಲಿ ಮುಚ್ಚಿದ ಸ್ಟೇಷನ್ನುಗಳಲ್ಲಿ ಎಷ್ಟೋ ಈಗ ನೆಲದ ಮೇಲೇ ಇಲ್ಲ. ಮರದ ಸಣ್ಣ ಕಟ್ಟಡಗಳನ್ನು ಕೆಡವಿ ಹಾಕಿದರು. ಕೆಲವು ಮನೆಗಳಾದವು. ದೊಡ್ಡ ಚಾವಣಿ ಇದ್ದ ಕೆಲವಕ್ಕೆ ಬೇರೆ ಕೆಲಸ ಸಿಕ್ಕಿತು. ಯಾರ್ಕ್‌ಶೈರ್‌ನ ರಿಚ್‌ಮಂಡ್ ಸ್ಟೇಷನ್ನಿನಲ್ಲಿ ಈಗ ಸಿನಿಮಾ ನಡೆಯುತ್ತದೆ. ಮ್ಯಾಂಚೆಸ್ಟರ್ ಸೆಂಟ್ರಲ್ ಸಮ್ಮೇಳನಗಳ ಸಭಾಂಗಣವಾಗಿದೆ.

ಆನಿಕ್ ಕಟ್ಟಡವನ್ನೂ ಉಳಿಸಿದ್ದು ಅದರ ಅಳತೆಯೇ. ರೈಲಿಗೆ ಭಾರವಾಗಿದ್ದ ಅದೇ ಜಾಗ ಬೇರೆಯವರಿಗೆ ಅನುಕೂಲವಾಯಿತು. ಸ್ಟುವರ್ಟ್ ಮ್ಯಾನ್ಲಿ ಎಂಬುವರು ಅಲ್ಲಿ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. 1991ರಲ್ಲಿ ಅವರ ಪತ್ನಿ ಮೇರಿ ಕಟ್ಟಡದ ಮುಂಭಾಗದಲ್ಲಿ ಹಳೆ ಪುಸ್ತಕದ ಅಂಗಡಿ ಶುರುಮಾಡಿದರು. ಹೆಸರು ಬಾರ್ಟರ್ ಬುಕ್ಸ್. ನೀವು ಓದಿದ ಪುಸ್ತಕ ಕೊಟ್ಟರೆ ಅದರ ಬೆಲೆಯನ್ನು ನಿಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ, ಆ ಲೆಕ್ಕದಲ್ಲಿ ಬೇರೆ ಪುಸ್ತಕ ತೆಗೆದುಕೊಂಡು ಹೋಗಬಹುದು. ಅಂಗಡಿ ಬೆಳೆಯುತ್ತಾ ಬೆಳೆಯುತ್ತಾ ಕಟ್ಟಡದ ಒಳಗೆ ಹರಡಿತು. ವೇಟಿಂಗ್ ರೂಮಿನಲ್ಲಿ ಈಗ ಕಾಫಿ ಕುಡಿಯುತ್ತಾರೆ. ಚಳಿಗಾಲದಲ್ಲಿ ಅಗ್ಗಿಷ್ಟಿಕೆ ಉರಿಯುತ್ತದೆ. ಪುಸ್ತಕದ ಕಪಾಟುಗಳ ನೆತ್ತಿಯ ಮೇಲೆ ಹಳಿ ಹಾಕಿ ಆಟಿಕೆ ರೈಲು ಓಡಿಸುತ್ತಾರೆ. ಕೆಳಗೆ ನಿಂತು ಪುಸ್ತಕ ಹುಡುಕುವಾಗ ತಲೆಯ ಮೇಲೆ ಗಡಗಡ ಸದ್ದು.

2000ದಲ್ಲಿ ಹರಾಜಿನಲ್ಲಿ ಕೊಂಡ ಪುಸ್ತಕಗಳ ಪೆಟ್ಟಿಗೆಯೊಂದರ ತಳದಲ್ಲಿ ಮಡಿಸಿಟ್ಟ ಕೆಂಪು ಪೋಸ್ಟರ್ ಸಿಕ್ಕಿತು. ಮೇಲೊಂದು ಕಿರೀಟ, ಕೆಳಗೆ ಬಿಳಿ ಅಕ್ಷರದಲ್ಲಿ 'ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್'. ಎರಡನೇ ಮಹಾಯುದ್ಧದ ಹೊತ್ತಿಗೆ, 1939ರಲ್ಲಿ, ಬ್ರಿಟಿಷ್ ಸರಕಾರ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚು ಹಾಕಿಸಿತ್ತು. ಭಾರೀ ಬಾಂಬ್ ದಾಳಿಯಾದಾಗ ಅಂಟಿಸೋಣ ಅಂತ ಎತ್ತಿಟ್ಟಿದ್ದರು. ಕೊನೆಗೆ ಅಂಟಿಸಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1940ರಲ್ಲಿ ಕಾಗದದ ಕೊರತೆ ಬಂದಾಗ ಬಹುಪಾಲನ್ನು ರದ್ದಿಗೆ ಹಾಕಿದರು. ಮ್ಯಾನ್ಲಿ ದಂಪತಿ ಪೋಸ್ಟರಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ನಮಗೂ ಬೇಕು ಅಂದರು, ಪ್ರತಿ ಮಾಡಿಸಿ ಮಾರಿದರು. ಮುಂದೆ ಮಗ್, ಟೀ ಶರ್ಟ್, ಮೊಬೈಲ್ ಕವರ್ ಅಂತ ಜಗತ್ತೆಲ್ಲ ಹರಡಿತು. ಸ್ಟೇಷನ್ ಹೆಸರು ಕೇಳದವರೂ ಆ ಸಾಲನ್ನು ನೋಡಿರುತ್ತಾರೆ.

ಹಳಿ ಮತ್ತೆ ಬರುತ್ತದಾ?

ಅರ್ಧ ಬಂದಿದೆ. ಆಲ್ನ್ ವ್ಯಾಲಿ ರೈಲ್ವೆ ಎಂಬ ಸ್ವಯಂಸೇವಕರ ಸಂಸ್ಥೆ ಹಳೆ ಬ್ರಾಂಚಿನ ಜಾಡಿನಲ್ಲಿ ಮತ್ತೆ ಹಳಿ ಹಾಕುತ್ತಿದೆ. ಗ್ರೀನ್‌ರಿಗ್ ತನಕ ಗಾಡಿ ಓಡುತ್ತದೆ. ಆಲನ್‌ಮೌತ್ ತನಕ ಮುಟ್ಟಬೇಕು ಎಂಬುದು ಗುರಿ. ಆದರೆ ಅವರ ಗಾಡಿ ಹೊರಡುವುದು ಊರಂಚಿನ ಲಯನ್‌ಹಾರ್ಟ್ ಎಂಬಲ್ಲಿಂದ. ಹಳೆ ಸ್ಟೇಷನ್ನಿಗೆ ಹೋಗುವ ದಾರಿಯನ್ನು ಎ1 ಹೆದ್ದಾರಿಯ ಬೈಪಾಸ್ ಅಡ್ಡ ಕತ್ತರಿಸಿದೆ. ಊರ ಕಡೆಯ ರೈಲು ಸೇತುವೆಯೂ ಹೋಯಿತು, ಜಾಡಿನ ಮೇಲೆ ಬೇರೆ ಕಟ್ಟಡಗಳು ಬಂದವು.

ನೋಡಲು ಹೋಗಬೇಕು ಅನ್ನುವವರಿಗೆ ದಾರಿ ಈಗಲೂ ಆಲನ್‌ಮೌತ್ ಮೇಲೆಯೇ. ಲಂಡನ್–ಎಡಿನ್‌ಬರೋ ಗಾಡಿಗಳಲ್ಲಿ ಕೆಲವು ಮಾತ್ರ ಅಲ್ಲಿ ನಿಲ್ಲುತ್ತವೆ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ. ಇಳಿದ ಮೇಲೆ ಆನಿಕ್‌ಗೆ ಬಸ್ಸು ಸಿಗುತ್ತದೆ.